ಹಿತ್ತಲ ಬಾಗಿಲಿನ ನಂಬರು

ಜಹೀರಾಬಾದ್
12-10-1971

ವೀರಪ್ಪಣ್ಣನವರಿಗೆ ತಮ್ಮ ಮಾಣಿಕಪ್ಪನ ಶರಣು.

ಈ ವರ್ಷ ನಮ್ಮ ಒಂದೇ ಮನೆಗೆ ಮನೆಪಟ್ಟಿಯ ತೆರಿಗೆ ಕಟ್ಟಲು ಎರಡು ನೋಟಿಸು ಬಂದವು. ಒಂದು ತೀರಿಹೋದ ಅಪ್ಪನ ಹೆಸರಿಗೆ, ಇನ್ನೊಂದು ನಿಮ್ಮ ಹೆಸರಿಗೆ. ನೀವು ತಾಂಡೂರಿನಲ್ಲಿದ್ದುಕೊಂಡೇ, ನನಗೆ ಹೇಳದೆ ಮನೆ ಪಾಲು ಮಾಡಿಸಿದ್ದೀರಿ ಎಂದುಕೊಂಡೆ. ನಿಮ್ಮ ಮಗಳ ತೊಟ್ಟಿಲ ಕಾರ್ಯಕ್ಕೆ ಜ್ವರವೆಂದು ಹೇಳಿಕಳಿಸಿದ್ದೆನಲ್ಲ, ಜ್ವರ ಇರಲಿಲ್ಲ.

ನಿನ್ನೆ ಪಟ್ಟಿ ವಸೂಲಿಯ ಗುಮಾಸ್ತರನ್ನೇ ಮನೆಗೆ ಕರೆತಂದೆ. ಮುಂಬಾಗಿಲಿನ ಹಳೆಯ ನಂಬರು ಹಬ್ಬದ ಸುಣ್ಣದಲ್ಲಿ ಮುಚ್ಚಿಹೋಗಿತ್ತು. ಹಿಂದಿನ ಓಣಿಯಿಂದ ಬಂದಿದ್ದ ಅವರು, ಮುಂದೆಯೂ ನಂಬರು ಕಾಣದೆ, ಹೊಸ ಮನೆಯೆಂದು ತಿಳಿದು ಹಿತ್ತಲ ಬಾಗಿಲಿಗೆ ಬೇರೆ ನಂಬರು ಬರೆದಿದ್ದರು.

"ಯಾರ ಮನಿ ಅಂತ ಈ ಅವ್ವಗೇ ಕೇಳೀನ್ರಿ. ವೀರಪ್ಪಂದು ಅಂದ್ರು," ಎಂದರು.

ಅವ್ವ ಸೆರಗು ಸರಿಮಾಡಿಕೊಂಡಳು. "ಮನಿ ನಮ್ಮ ಯಜಮಾನ್ರದೇ. ಅವರ ಹೆಸರು ನನ್ನ ಬಾಯಾಗ ಹ್ಯಾಂಗ ಬರ್ತದ? ಹಿರೇಮಗನ ಹೆಸರು ಹೇಳೀನಿ."

ಅಣ್ಣಾ, ಆ ನೋಟಿಸು ಬಂದ ಮೇಲೆ ನನಗೆ ಊಟ ರುಚಿಸಿದ್ದು ನಿನ್ನೆಯೇ.

ಎರಡನೆಯ ನಂಬರು ತೆಗೆಸಲು ಅರ್ಜಿಗೆ ನಿಮ್ಮ ಸಹಿ ಬೇಕಂತೆ. ಅಂಚೆಯಲ್ಲಿ ಕಳಿಸಬೇಡಿ. ವೈನಿಯವರನ್ನೂ ಮಗುವನ್ನೂ ಕರೆದುಕೊಂಡು ಬನ್ನಿ. ಮಗುವಿಗೆ ಏನು ಹೆಸರಿಟ್ಟಿರಿ ಎಂದು ನಾನಿನ್ನೂ ಕೇಳಿಯೇ ಇಲ್ಲ.

ನಿಮ್ಮ ದಾರಿ ನೋಡುತ್ತಿರುವ
ಮಾಣಿಕಪ್ಪ