ಪಿಕಪ್ಪಿನ ಗುರ್ ಸಪ್ಪಳ

ರೀ ಸ್ವಾತಿ ಪಪ್ಪಾ,

ಉಂಡು ಮಲಗೀರಿ, ಎಬ್ಬಿಸಲಿಲ್ಲ. ಪಿಕಪ್ ನಾ ಒಯ್ಯಾಕತ್ತೀನಿ. ಘಾಟಬೋರಾಳಕ್ಕ ನಮ್ಮವ್ವನ ನೋಡಾಕ ಹೊಂಟೀನಿ.

ಗಾಡಿ ಇಂಜಿನ್ನಿಗಿ ಗಾಳಿ ಸಾಲವಲ್ದು ಅಂತ ಹುಮನಾಬಾದದ ಗುಜರಿಯಿಂದ ಹಳೇ ಏರ್ ಫಿಲ್ಟರ್ ತಂದು, ಬೋರಿನ ಪೈಪ್ ಕೊಯ್ದು ಕೂಡಿಸಿದ್ರಿ. ಸಸ್ತಾದಾಗ ಆತು, ಗಾಡಿ ಏರು ಛಲೋ ಏರ್ತದ, ಖರೆ. ಆದ್ರ ಅವತ್ತಿನಿಂದ ಅದರ ಗುರ್ ಸಪ್ಪಳಕ್ಕ ನಿಮ್ಮವ್ವಗ ಗೊತ್ತಾಗದಂಗ ನಾ ಓಣಿ ದಾಟೂದ ಬಂದಾಗ್ಯದ. ಮೊನ್ನಿ ತವರಿಗಿ ಹೊಂಟಾಗ ಮಂಠಾಳ ಮುಟ್ಟೂದ್ರಾಗ ನಿಮ್ಮವ್ವನ ಫೋನ್ ಬಂತು, "ಯಾರ್ನ ಕೇಳಿ ಹೊಂಟೀ?" ಅಂತ. ಅಲ್ಲಿಂದನ ತಿರುಗಿ ಬಂದೀನಿ. ಗಾಡಿ ನಡಸಾಕ ಕಲಿಸಿದವರು ನೀವ. ಗೊಬ್ಬರ ತರಾಕ ಹೋದ್ರ ಯಾರೂ ಕೇಳಂಗಿಲ್ಲ, ತವರಿಗಿ ಅಂದ್ರ ಮನಿ ತುಂಬ ಪಂಚಾಯ್ತಿ.

ಸ್ವಾತಿಗಿ ಅನ್ನ ಮುಚ್ಚಿಟ್ಟೀನಿ. ಎಮ್ಮಿ ಹಿಂಡೂ ಹೊತ್ತಿಗಿ ಬರ್ತೀನಿ. ಬರದ ಎಲ್ಲಿ ಹೋಗ್ಲಿ?

ನಿಮ್ಮ ಪೈಪು, ಫಿಲ್ಟರು ಕಟ್ಟಿಮ್ಯಾಲ ಅವ. ನೀವು ಬಿಚ್ಚಿಟ್ಟಿದ್ದ ಕಂಪನಿಯ ಫಿಲ್ಟರ್ ಡಬ್ಬಿ ನಾನ ತಿರುಗಿ ಕೂಡಿಸೀನಿ. ಒಮ್ಮೆ ಚಾಲೂ ಮಾಡಿ ನೋಡಿದೆ, ಒಳಗ ಕುಂತ ನಿಮ್ಮವ್ವ ತಲಿ ಸೈತ ಎತ್ತಲಿಲ್ಲ.

ಪೈಪ್ ಬಿಗಿಯೂ ಕ್ಲಿಪ್ ಹುಡುಕಬ್ಯಾಡ್ರಿ. ನನ್ನ ಪರ್ಸಿನಾಗ ಅವ.

ಜಗದೇವಿ