ನಿಮ್ಮಣ್ಣ ಓದತಿದ್ದ ಪುಸ್ತಕ ಮುಟ್ಟಬ್ಯಾಡ

ಗಂಗೂ,

ನಿಮ್ಮಣ್ಣನ ಕಂಕಳಾಗ ಗಂಟೆದ್ದದ, ಡಾಕ್ಟರು ಪ್ಲೇಗು ಅಂದ್ರು. ಊರ ಹೊರಗಿನ ಶೆಡ್ಡಿಗೆ ಅವರ ಜೋಡಿ ನಾನೂ ಹೊಂಟೀನಿ. ನೀನು ಹಿಂದ ಬರಬ್ಯಾಡ. ಅತ್ತೇರನ್ನ ಕರಕೊಂಡು ಇವತ್ತೇ ಕಂಪ್ಲಿಗೆ ಹೋಗು.

ಅಲ್ಲಿ ಓದಲಿಕ್ಕೆ ಅಂತ ಎರಡು ಪತ್ತೇದಾರಿ ಕಾದಂಬರಿ ನಿನ್ನ ಪೆಟ್ಟಿಗ್ಯಾಗ ಇಟ್ಟೀನಿ. ಮುತ್ತಿನ ಸರ ಕಳುವಾಗೋ ಕಥಿ ಮೊದಲು ಓದು, ಭಾಳ ಛಲೋ ಅದ. ಇನ್ನೊಂದು ಒಬ್ಬಾಕಿನೇ ಇದ್ದಾಗ ಓದಬ್ಯಾಡ, ಹೆದರತಿ.

ಎಲ್ಲಾದಕ್ಕಿಂತ ಛಲೋದು ನಿಮ್ಮಣ್ಣನ ಹಾಸಿಗಿ ಮ್ಯಾಲ ಅದ. ಅದನ್ನ ಮಾತ್ರ ಮುಟ್ಟಬ್ಯಾಡ, ಹಾಸಿಗಿ ಜೋಡಿ ಸುಡತಾರ.

ಮುಂಜಾನೆ ಜ್ವರದಾಗ, "ಕೊಂದಾವ ಯಾರು, ಕಡೀ ಹಾಳಿ ಓದಿ ಹೇಳು" ಅಂದ್ರು. ಕಣ್ಣೀರಾಗ ನನಗ ಅಕ್ಷರನೇ ಕಾಣಲಿಲ್ಲ. ಬಾಯಿಗೆ ಬಂದ ಹೆಸರು ಹೇಳಿದೆ.

"ಅವನ ಮ್ಯಾಲೇ ನನಗೂ ಸಂಶಯ ಇತ್ತು" ಅಂತ ನಕ್ಕರು.

ನಿನ್ನ ವೈನಿ,
ಭೀಮಾಬಾಯಿ