ದಾವಲಕಾಕಾ ನೋಡಿದ ಸಿನಿಮಾ

ಗದಗ-ಬೆಟಗೇರಿ
ಇಸವಿ ೨೧೯೪, ಶ್ರಾವಣದ ಎರಡನೇ ಸೋಮವಾರ

ಸಿನಿಮಾ ನೋಡಿ ಹೊರಗೆ ಬಂದ ಕೂಡಲೇ ಮಾತಿಗೆ ನಿಲ್ಲುವ ಹಿರಿಯರೇ,

ಮೇಲಿನ ತಾರೀಖು ನೋಡಿ ನಗಬೇಡಿ. ನಿಮ್ಮ ಕನ್ನಡವನ್ನು ಹಳೆಯ ಚಿತ್ರಗಳನ್ನು ನೋಡಿ ಕಲಿತವಳು ನಾನು. ನಡುನಡುವೆ ನಮ್ಮ ಕಾಲದ ಮಾತು ನುಸುಳಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನನ್ನ ಹೆಸರು ಗಂಗೋತ್ರಿ ಹೊಂಬಳ, ವಯಸ್ಸು ನಲವತ್ತೆಂಟು, ನೂಲಿಗೆ ಬಣ್ಣ ಹಾಕುವುದು ಕೆಲಸ. ನಾನು ಮಾಡಿದ ಒಂದು ತಪ್ಪನ್ನು ಯಾರಿಗಾದರೂ ಹೇಳಿಕೊಳ್ಳಬೇಕಾಗಿದೆ. ಇಲ್ಲಿ ಅದನ್ನು ಬಲ್ಲವರ ಮುಂದೆ ಮತ್ತೆ ಬಾಯಿ ತೆರೆಯಲು ಹೆದರಿಕೆ.

ನಮ್ಮಲ್ಲಿ ಬಿಳಿ ಪರದೆಯ ಚಿತ್ರಮಂದಿರ ಉಳಿದಿಲ್ಲ. ಕನ್ನಡಕದಂತೆ ಕಿವಿಗೆ ಸಿಕ್ಕಿಸಿಕೊಳ್ಳುವ ಕಣ್ಪಟದಲ್ಲೇ ಎಲ್ಲವನ್ನೂ ನೋಡುತ್ತೇವೆ. ಅದರ ತುದಿಯಲ್ಲಿ ಕಣತಲೆಗೆ ಅಂಟುವ ಒಂದು ಮೆತ್ತೆಯಿದೆ, ಅದು ನಾಡಿ ಹಿಡಿಯುತ್ತದೆ. ಯಾರಿಗೆ ಏನು ಹಿಡಿಸುತ್ತದೋ ಹಾಗೆ ಕತೆ ತಿರುಗುತ್ತದೆ. ಇದಕ್ಕೆ ಒಗ್ಗುಚಿತ್ರ ಎನ್ನುತ್ತಾರೆ. ಒಬ್ಬರು ನೋಡಿದ ಚಿತ್ರವನ್ನು ಇನ್ನೊಬ್ಬರು ನೋಡಿರುವುದಿಲ್ಲ, ಹಾಗಾಗಿ ಸಿನಿಮಾದ ಬಗ್ಗೆ ಮಾತು ಎಂಬುದೇ ನಿಂತುಹೋಗಿದೆ. ಅದಕ್ಕೆ ಬೇಸತ್ತ ಏಳು ಜನ ನಾವು, ಬೆಟಗೇರಿಯ ನೇಕಾರ ಓಣಿಯ ಒಂದು ಅಟ್ಟದ ಮೇಲೆ ಭಾನುವಾರ ಸೇರತೊಡಗಿದೆವು. ಬಿಸಿಲುಗಂಟೆ ಬಾರಿಸಿದ ಮೇಲೆ, ಅಂದರೆ ಹನ್ನೊಂದರಿಂದ ನಾಲ್ಕರವರೆಗೆ, ಇಲ್ಲಿ ಯಾರೂ ಹೊರಗೆ ಓಡಾಡುವಂತಿಲ್ಲ. ಆ ಹೊತ್ತಿನಲ್ಲಿ ತಂತಮ್ಮ ಕಣ್ಪಟದಲ್ಲಿ ನಿಮ್ಮ ಕಾಲದ ಒಂದೇ ಚಿತ್ರ ನೋಡುವುದು, ಗಿರ್ಮಿಟ್ ತಿನ್ನುತ್ತ ಗಂಟಲು ಹರಿಯುವ ಹಾಗೆ ಜಗಳಾಡುವುದು. ಹಳೆಯ ಚಿತ್ರಗಳ ಮೇಲೆ 'ಇದ್ದದ್ದು ಇದ್ದ ಹಾಗೆ' ಎಂಬ ಮುದ್ರೆ ಇರುತ್ತದೆ. ಅದನ್ನು ನಾವು ನಂಬಿದ್ದೆವು.

ನಮ್ಮೊಳಗೆ ಎಲ್ಲರಿಗಿಂತ ಹಿರಿಯರು ದಾವಲಸಾಬ ನದಾಫ. ನಮಗೆಲ್ಲ ದಾವಲಕಾಕಾ. ಅರವತ್ಮೂರರ ವಯಸ್ಸಿನಲ್ಲೂ ಕಪ್ಪತಗುಡ್ಡದ ಗಾಳಿಗಿರಣಿಗಳ ತುದಿಗೆ ಹತ್ತಿ ರೆಕ್ಕೆ ರಿಪೇರಿ ಮಾಡುತ್ತಿದ್ದರು. ಮೇಲೆ ಬೆವರಿಗೆ ತುರಿಸುತ್ತದೆಂದು ತಮ್ಮ ಕಣ್ಪಟದ ಮೆತ್ತೆಯನ್ನು ಚಾಕುವಿನಿಂದ ಹೆರೆದುಹಾಕಿದ್ದರು. ಆಗ ಅದನ್ನು ಯಾರೂ ದೊಡ್ಡ ಮಾತಾಗಿ ಎಣಿಸಲಿಲ್ಲ.

ಹೋದ ವರ್ಷ ಚೈತ್ರದಲ್ಲಿ ಒಂದು ಚಿತ್ರ ನೋಡಿದೆವು. ಅದರ ಹೆಸರಿನ ಭಾಗ ಅಳಿಸಿಹೋಗಿದೆ. ಹೊಳೆದಂಡೆಯ ಊರಿನಲ್ಲಿ ಬಟ್ಟೆ ಹೊಲಿಯುವ ಹೆಣ್ಣುಮಗಳು. ಕುಡಿದ ಅಂಬಿಗನ ದೋಣಿ ಮಗುಚಿ ಅವಳ ತಮ್ಮ ಮುಳುಗುತ್ತಾನೆ. ಕೊನೆಗೆ ಅಂಬಿಗ ಅವಳ ಅಂಗಡಿಗೆ ಬಂದು ನಿಲ್ಲುತ್ತಾನೆ. ಅವಳು ಹೊಲಿಗೆ ಬದಿಗಿಟ್ಟು ಅವನಿಗೆ ಒಂದು ತಂಬಿಗೆ ನೀರು ಕೊಡುತ್ತಾಳೆ. ನಾನು ಅತ್ತೆ. ಎಂಥ ಕ್ಷಮೆ ಎಂದೆ. ಉಳಿದವರೂ ತಲೆದೂಗಿದರು.

ದಾವಲಕಾಕಾ ಮಾತ್ರ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದರು.

"ಯಾವ ನೀರು? ಚಪ್ಪಲಿ ತಗೊಂಡು ಮೂರು ಸಲ ಹೊಡದ್ಲಲ್ಲ. ಆಮ್ಯಾಲೆ ಹೊಸ್ತಿಲ ಮ್ಯಾಲೆ ಕುಂತ್ಲು. ಆ ಚಪ್ಪಲಿ ತಿರುಗಿ ಕಾಲಿಗೆ ಹಾಕ್ಕೊಳ್ಳಾಕ ಆಗಲಿಲ್ಲ ಅಕಿಗೆ."

ನಾವು ನಕ್ಕೆವು. ಅವರು ನಗಲಿಲ್ಲ. ಮುಂದಿನ ಮೂರು ವಾರವೂ ಹೀಗೇ ಆಯಿತು: ನಾವು ಆರು ಜನ ಕಂಡದ್ದು ಒಂದು, ಅವರು ಕಂಡದ್ದು ಇನ್ನೊಂದು. ನಾಲ್ಕನೆಯ ವಾರ ಅವರ ಮಗಳು ಶಮೀಮ ನಮ್ಮ ಮನೆಗೆ ಬಂದು ಬಾಗಿಲಲ್ಲೇ ನಿಂತಳು.

"ಅಕ್ಕಾರ, ಅಬ್ಬಾ ದಿನಾ ನೂರು ಮೀಟರ್ ಮ್ಯಾಲೆ ಹತ್ತತಾರ. ನೀವೂ ಅಲ್ಲೇ ಇದ್ರಿ. ಖರೇ ಹೇಳ್ರಿ, ಆ ಚಪ್ಪಲಿ ಸೀನು ಇತ್ತೇನು?"

"ಇಲ್ಲವಾ," ಎಂದೆ. "ಆರು ಮಂದಿ ನೋಡೇವಿ. ಅಂಥಾದ್ದು ಇಲ್ಲ."

ಆಸ್ಪತ್ರೆಯವರಿಗೆ ತೋರಿಸಲೆಂದು ಅಷ್ಟನ್ನೇ ಕಾಗದದಲ್ಲಿ ಬರೆದು ಸಹಿಯನ್ನೂ ಹಾಕಿಕೊಟ್ಟೆ. ಅವರ ಜೀವ ಉಳಿಸುತ್ತಿದ್ದೇನೆ ಎಂದುಕೊಂಡಿದ್ದೆ. ಆಸ್ಪತ್ರೆಯಲ್ಲಿ ನೆನಪಿನ ಪರೀಕ್ಷೆಗೆ ಒಂದು ಕಿರುಚಿತ್ರ ತೋರಿಸಿ ಪ್ರಶ್ನೆ ಕೇಳುತ್ತಾರೆ. ಕಾಕಾ ಅದನ್ನು ತಮ್ಮದೇ ಕಣ್ಪಟದಲ್ಲಿ ನೋಡಿದರು. ಹನ್ನೆರಡರಲ್ಲಿ ಒಂಬತ್ತು ಉತ್ತರ ತಪ್ಪು. ಗಿರಣಿ ಹತ್ತುವ ಪರವಾನಗಿ ಹೋಯಿತು, ಗುಳಿಗೆ ಶುರುವಾಯಿತು. ಅಟ್ಟಕ್ಕೆ ಬರುವುದನ್ನು ಅವರೇ ಬಿಟ್ಟರು. ಇನ್ನು ತಮಗೆ ಅದು ಬೇಡವೆಂದು ಕಣ್ಪಟವನ್ನು ಮಗಳ ಕೈಯಲ್ಲಿ ನಮಗೆ ಕಳಿಸಿಕೊಟ್ಟರು.

ಸುಮಾರು ಒಂದು ವರ್ಷ ಅದು ಅಟ್ಟದ ಗೂಟದಲ್ಲಿ ನೇತಾಡಿತು. ಕಳೆದ ಜ್ಯೇಷ್ಠದಲ್ಲಿ ನನ್ನ ಕಣ್ಪಟ ಕೆಟ್ಟಿತು. ಅವರದನ್ನು ಹಾಕಿಕೊಂಡು ಅದೇ ಹೊಳೆದಂಡೆಯ ಚಿತ್ರವನ್ನು ಮತ್ತೆ ಹಚ್ಚಿದೆ. ಅಂಬಿಗ ಬಂದು ನಿಂತ. ನಾನು ತಂಬಿಗೆಗಾಗಿ ಕಾದೆ. ಅವಳು ಬಗ್ಗಿ ಚಪ್ಪಲಿ ತೆಗೆದಳು.

ಮೂರು ಏಟು. ನಾನೂ ಎಣಿಸಿದೆ. ನನ್ನ ಎದೆ ಎಷ್ಟು ಹೊಡೆದುಕೊಂಡಿತೆಂದರೆ, ಮೆತ್ತೆಯಿದ್ದ ಕಣ್ಪಟ ನನಗೆ ಈ ದೃಶ್ಯವನ್ನು ಯಾಕೆ ತೋರಿಸಲಿಲ್ಲ ಎಂಬುದು ಕೂತಲ್ಲೇ ತಿಳಿಯಿತು. ನಮ್ಮ ನಾಡಿ ಏರಿದಲ್ಲೆಲ್ಲ ಅದು ಚಿತ್ರವನ್ನು ತಣ್ಣಗೆ ಮಾಡಿತ್ತು, ಆರು ಜನರಿಗೂ ಅದೇ ನೀರು ಕೊಟ್ಟಿತ್ತು. ಆರು ಜನ ಒಪ್ಪಿದ್ದೇ ಸತ್ಯವೆಂದು ನಾನು ಸಹಿ ಹಾಕಿದ್ದೆ.

ಮಾರನೆಯ ಬೆಳಿಗ್ಗೆ ಬಿಸಿಲುಗಂಟೆಗೆ ಮೊದಲೇ ಅವರ ಮನೆಗೆ ಹೋದೆ. ಅಡುಗೆಮನೆಯ ಡಬ್ಬಿಗಳ ಮೇಲೆಲ್ಲ ಚೀಟಿ ಅಂಟಿಸಿದ್ದರು: ಸಕ್ಕರೆ, ಉಪ್ಪು, ಚಹಾಪುಡಿ. ಬಾಗಿಲಿಗೆ ಒಂದು: 'ಶಮೀಮ ಸಂಜೆ ಬರತಾಳ.' ಅವರಿಗೆ ಯಾವುದೂ ಮರೆತಿರಲಿಲ್ಲ. ಮರೆಯುತ್ತದೆಂದು ನಾವು ಹೇಳಿದ್ದನ್ನು ನಂಬಿ ಬರೆದಿಟ್ಟುಕೊಂಡಿದ್ದರು. ನಾನು ಕಂಡದ್ದನ್ನೆಲ್ಲ ಹೇಳಿ ಕಾಲು ಮುಟ್ಟಲು ಬಗ್ಗಿದೆ. ಅವರು ಹಿಂದೆ ಸರಿದರು.

"ಬ್ಯಾಡ ಯವ್ವಾ. ಮುದುಕನ ಸಮಾಧಾನಕ್ಕ ಹೇಳಾಕತ್ತೀ."

ಕಣ್ಪಟ ಕೈಗೆ ಕೊಟ್ಟರೆ ಮುಟ್ಟಲಿಲ್ಲ. "ನನ್ನ ಕಣ್ಣಿಗೆ ಏನು ಕಂಡರೂ ಅದು ಸಾಕ್ಷಿ ಅಲ್ಲ ಅಂತ ನೀನ ಅಲ್ಲೇನು ಬರದು ಕೊಟ್ಟಿದ್ದು?"

ಇನ್ನೂ ಕೆಲಸಕ್ಕೆ ಹೊರಡದೆ ಒಳಗಿದ್ದ ಶಮೀಮ ಬಂದು, ನನ್ನ ಕೈಯಿಂದ ಅದನ್ನು ಕಿತ್ತುಕೊಂಡು ಹಾಕಿಕೊಂಡಳು. ಕೊನೆಯ ಹದಿನೈದು ನಿಮಿಷ ಮಾತ್ರ ಹಚ್ಚಿದೆ. ಕಾಕಾ ಗೋಡೆಗೆ ಒರಗಿ, ಎಲ್ಲೋ ನೋಡುತ್ತ ಕೂತರು. ಇದ್ದಕ್ಕಿದ್ದಂತೆ ಅವಳು ಕೂಗಿದಳು.

"ಅಬ್ಬಾ! ಚಪ್ಪಲಿ ತಗದ್ಲು!"

ಕಾಕಾ ತಿರುಗಲಿಲ್ಲ. "ಯಾವ ಕಾಲಿಂದು?"

"ಎಡಗಾಲಿಂದು."

ಅವರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. "ಯಾ ಅಲ್ಲಾ, ಹೌದು, ಎಡಗಾಲಿಂದ," ಎಂದಷ್ಟೇ ಹೇಳಿದರು.

ಆಸ್ಪತ್ರೆಯ ಉತ್ತರಪಟ್ಟಿಯೂ ಮೆತ್ತೆಯಿದ್ದ ಕಣ್ಪಟದಲ್ಲಿ ಕಂಡದ್ದರ ಮೇಲೆ ಬರೆದದ್ದೇ ಆಗಿತ್ತು. ಮೆತ್ತೆಯ ವಿಷಯ ತಿಳಿಸಿದ ಮೇಲೆ, ಪರೀಕ್ಷೆ ಮಾಡುವವರು ಎರಡನೆಯ ಸಲ ಚಿತ್ರ ತೋರಿಸದೆ ಬಾಯಿಮಾತಿನಲ್ಲೇ ಒಂದು ಕತೆ ಹೇಳಿ ಪ್ರಶ್ನೆ ಕೇಳಿದರು. ಕಾಕಾ ಒಂದನ್ನೂ ತಪ್ಪಾಗಿ ಹೇಳಲಿಲ್ಲ. ಪರವಾನಗಿ ಬಂತು. ಆದರೆ ಗುಳಿಗೆಗಳು ಕೈಯ ಬಿಗಿ ತಿಂದುಹಾಕಿದ್ದವು. ಮೂರನೆಯ ಏಣಿಯವರೆಗೆ ಹತ್ತಿ ಇಳಿದುಬಂದರು. ಈಗ ಕೆಳಗೆ ನಿಂತು ಹೊಸಬರಿಗೆ ಹೇಳಿಕೊಡುತ್ತಾರೆ. ಭಾನುವಾರ ಅಟ್ಟಕ್ಕೂ ಬರುತ್ತಾರೆ. ಆದರೆ ಮೊದಲಿನಂತೆ ಮೊದಲು ಬಾಯಿ ತೆರೆಯುವುದಿಲ್ಲ. ನಾವೆಲ್ಲ ಹೇಳಿ ಮುಗಿಸುವವರೆಗೆ ಕಾಯುತ್ತಾರೆ. ನನ್ನನ್ನು ಕ್ಷಮಿಸಿದ್ದಾರೋ ಇಲ್ಲವೋ ನಾನು ಕೇಳಿಲ್ಲ. ಕೇಳುವ ಧೈರ್ಯ ಇನ್ನೂ ಬಂದಿಲ್ಲ.

ಕಣ್ಪಟ ಮಾಡುವವರಿಗೆ ಪತ್ರ ಬರೆದೆವು. 'ನೋಡುಗರ ನೆಮ್ಮದಿಗಾಗಿ' ಎಂದು ಉತ್ತರ ಬಂತು. ಹೊಸ ಕಣ್ಪಟಗಳ ಮೆತ್ತೆ ಹೆರೆದರೆ ಅವು ಕುರುಡಾಗುತ್ತವೆ. ಕಾಕಾರದು ಹಳೆಯದು, ಅದರ ಎಡಗಾಜಿನಲ್ಲಿ ಬಿರುಕು ಬಿಟ್ಟಿದೆ. ಅದನ್ನು ಸರದಿಯ ಮೇಲೆ ಏಳೂ ಜನ ಹಾಕಿಕೊಳ್ಳುತ್ತೇವೆ. ಆಗಲೂ ನನಗೊಂದು ದಿಗಿಲು: ಇದರಲ್ಲಿ ಕಂಡದ್ದಾದರೂ ನೀವು ನೋಡಿದ್ದೇ ಹೌದೇ? ಇದಕ್ಕೂ ಮೊದಲು ಯಾರಾದರೂ ಕೈ ಹಾಕಿದ್ದರೆ? ನಾನು ಬದುಕಿನಲ್ಲಿ ಅತ್ತ ಚಿತ್ರಗಳಲ್ಲಿ ಎಷ್ಟು ನಿಜ?

ಅದಕ್ಕೇ ಈ ಬೇಡಿಕೆ. ನೀವು ನಿನ್ನೆ, ಮೊನ್ನೆ ನೋಡಿದ ಚಿತ್ರದಲ್ಲಿ ಏನು ಕಂಡಿರಿ ಎಂಬುದನ್ನು ಕಾಗದದ ಮೇಲೆ ಬರೆದಿಡಿ. ಚೆನ್ನಾಗಿತ್ತು, ಚೆನ್ನಾಗಿರಲಿಲ್ಲ ಎಂದಷ್ಟೇ ಬರೆದರೆ ನಮಗೆ ಸಾಲದು. ಯಾರು ಯಾರಿಗೆ ಏನು ಮಾಡಿದರು, ಎಲ್ಲಿ ನಿಮ್ಮ ಮೈ ಉರಿಯಿತು, ಯಾವುದನ್ನು ನೋಡಲಾರದೆ ಕಣ್ಣು ಮುಚ್ಚಿದಿರಿ, ಅದನ್ನು ಬರೆಯಿರಿ. ಪಕ್ಕದಲ್ಲಿ ಕೂತವರು ಒಪ್ಪದಿದ್ದರೂ ಬರೆಯಿರಿ, ಅವರು ಒಪ್ಪಲಿಲ್ಲ ಎಂಬುದನ್ನೂ ಬರೆಯಿರಿ. ಚಿತ್ರಗಳೇನೋ ನಮ್ಮವರೆಗೆ ಬಂದಿವೆ. ಅವು ಹೇಗಿದ್ದವು ಎಂದು ಕೇಳಲು ನಮಗೆ ನಿಮ್ಮನ್ನು ಬಿಟ್ಟು ಯಾರೂ ಇಲ್ಲ.

ನಿಮ್ಮ ಮಾತಿಗೆ ಕಾದಿರುವ,
ಗಂಗೋತ್ರಿ ಹೊಂಬಳ